ಬೋಟ್‌ಕ್ಲಬ್ಬಿನ ಮೈಕು

ನಾನೊಂದು ಲೌಡ್‌ಸ್ಪೀಕರ್. ಜನರ ಬಾಯಲ್ಲಿ ಮಾತ್ರ ಬರೀ ಮೈಕು. ಮೈಕು ಕೆಳಗೆ ಮಾತಾಡುವವರ ಕೈಯಲ್ಲಿರುತ್ತದೆ, ಕಂಬದ ಮೇಲೆ ಬಾಯಿ ತೆರೆದು ಕೂತವನು ನಾನು. ಕರೆದವರು ಕರೆದಂತೆ ಕರೆಯಲಿ ಎಂದು ಸುಮ್ಮನಾಗಿ ಬಹಳ ವರ್ಷಗಳಾದವು.

ಒಂದು ಸಣ್ಣ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಗರಗರ ತಿರುಗಿಸಿ ನನ್ನ ಬಾಯಿ ಮಾಡಿದರು. ಅಲ್ಲಿಂದ ಇಮಾಮಸಾಬನ ಅಂಗಡಿಗೆ ಬಂದೆ. ಮದುವೆ, ಜವಳ, ಚುನಾವಣೆ ಎಂದು ಅವನು ನನ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೂರು ತಿರುಗಿದ. ಹೊಸ ಸ್ಪೀಕರ್ ಪೆಟ್ಟಿಗೆಗಳು ಬಂದ ಮೇಲೆ ನನ್ನನ್ನು ಕೆರೆಯ ಬೋಟ್‌ಕ್ಲಬ್ಬಿಗೆ ಮಾರಿದ.

ಆ ಊರಿಗೆ ಹೆಸರು ಬಂದದ್ದೇ ಕೆರೆಯಿಂದ. ದಡದಲ್ಲಿ ಉದ್ಯಾನ, ಪುಟಾಣಿ ರೈಲು, ಜಾರುಬಂಡಿ. ನೀರಿನಲ್ಲಿ ಕಾಲಿಂದ ತುಳಿದು ನಡೆಸುವ ದೋಣಿಗಳು. ಬೇಸಿಗೆಯಲ್ಲಿ ರಜೆಯ ಮಕ್ಕಳು ಬರುತ್ತಿದ್ದರು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿಯಿಂದ ನೀರು ಧುಮುಕುವುದನ್ನು ನೋಡುವವರು, ಚಳಿ ಬಿದ್ದರೆ ಶಾಲಾ ಪ್ರವಾಸದ ಬಸ್ಸುಗಳು. ಬಂದವರಿಗೆ ಒಂದು ದಿನದ ಸಂತೋಷ. ನನಗೆ ವರ್ಷವಿಡೀ ಅದೇ ಬಿಸಿಲು, ಅದೇ ಮಾತು.

ಆ ಮಾತು ದಾಕ್ಷಾಯಣಿಯದು. ಟಿಕೆಟ್ ಕೋಣೆಯ ಕಿಟಕಿಯಲ್ಲಿ ಕೂತು ದೋಣಿಗಳನ್ನು ವಾಪಸು ಕರೆಯುವುದು ಅವಳ ಕೆಲಸ. ‘ಏಳನೇ ನಂಬರಿನವರು, ನಿಮ್ಮ ಟೈಮ್ ಮುಗೀತ್ರಿ, ದಂಡಿಗೆ ಬರ್ರಿ’ ಎನ್ನುವಳು. ನಡುನಡುವೆ, ‘ಏ ಕೆಂಪಂಗಿ ತಮ್ಮಾ, ನೀರಾಗ ಕೈ ಹಾಕಬ್ಯಾಡಪಾ’ ಎಂದೂ ಸೇರಿಸುವಳು. ಅವಳು ಗದರಿದರೂ ಜನ ನಗುತ್ತಲೇ ದಡಕ್ಕೆ ಬರುತ್ತಿದ್ದರು.

ಕೂಗಿ ಕೂಗಿ ಅವಳ ಗಂಟಲಿನಲ್ಲಿ ಗಂಟಾಯಿತು. ಆಪರೇಷನ್ ಆಗಬೇಕೆಂದರು. ಮ್ಯಾನೇಜರ್ ಅರಳಿಕಟ್ಟಿ ಕೆಟ್ಟ ಮನುಷ್ಯನಲ್ಲ. ‘ನಿನ್ನ ಮಾತು ರೆಕಾರ್ಡ್ ಮಾಡಿ ಇಡೋಣವಾ. ಆಮ್ಯಾಲೆ ನೀ ಒದರೂದು ಬ್ಯಾಡ, ಗುಂಡಿ ಒತ್ತಿದ್ರಾತು’ ಎಂದರು. ಅವಳು ಸಂತೋಷದಿಂದ ಒಪ್ಪಿದಳು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗುಂಡಿ ಒತ್ತುವ ಕೆಲಸ ಟಿಕೆಟ್ ಕೊಡುವವನದೇ ಆಗಿತ್ತು. ಬೋಟ್‌ಕ್ಲಬ್ಬನ್ನು ನಡೆಸುವ ಗುತ್ತಿಗೆದಾರ ಮತ್ತೊಂದು ಸಂಬಳ ಕೊಡುವುದಿಲ್ಲ ಎಂದ. ಅರಳಿಕಟ್ಟಿ ತಲೆ ತಗ್ಗಿಸಿ ನಿಂತರು.

ಅವಳು ಜಗಳ ಮಾಡಲಿಲ್ಲ. ಜಗಳಕ್ಕೂ ದನಿ ಬೇಕಲ್ಲ. ಮೂರು ತಿಂಗಳು ಮಾತಾಡಬಾರದು, ಕೂಗಿದರೆ ದನಿ ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ನನ್ನ ಕಂಬದ ಕೆಳಗೇ ಗಾಡಿ ಹಾಕಿ ಗೋವಿನಜೋಳದ ತೆನೆ ಸುಡತೊಡಗಿದಳು. ಅವಳ ನೆತ್ತಿಯ ಮೇಲೆ ಅವಳದೇ ದನಿಯನ್ನು ದಿನವಿಡೀ ಒದರುವುದು ನನ್ನ ಪಾಲಿಗೆ ಬಂತು. ಅವಳು ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ. ಕೆಂಡಕ್ಕೆ ಗಾಳಿ ಹಾಕುತ್ತಿದ್ದಳು, ಅಷ್ಟೇ.

ಶ್ರಾವಣದ ಒಂದು ಮಧ್ಯಾಹ್ನ ಮೋಡ ಕವಿದು ಕತ್ತಲಾಯಿತು. ದೋಣಿಗಳೆಲ್ಲ ದಡ ಸೇರಿದವು, ಒಂದನ್ನು ಬಿಟ್ಟು. ಅದರಲ್ಲಿ ಪರವೂರಿನ ಒಬ್ಬ ಹೆಣ್ಣುಮಗಳೂ ಅವಳ ಪುಟ್ಟ ಮಗಳೂ ಇದ್ದರು. ಅಷ್ಟರಲ್ಲಿ ಮಳೆ ಪರದೆ ಎಳೆದಂತೆ ಸುರಿಯಿತು. ನೀರು ಯಾವುದು, ದಡ ಯಾವುದು, ತಿಳಿಯದಾಯಿತು. ಅವರನ್ನು ಹುಡುಕಲು ಹೋದ ಮೋಟಾರು ದೋಣಿ, ಏನೂ ಕಾಣದೆ ತಿರುಗಿ ಬಂತು. ಆಚೆ ತುದಿಯಲ್ಲಿ ಕೋಡಿ ಮೊರೆಯುತ್ತಿತ್ತು. ದೋಣಿ ಅತ್ತ ಸರಿದರೆ ಮುಗಿಯಿತು.

ನಾನು ಮಾತ್ರ ತಣ್ಣಗೆ, ‘ನಿಮ್ಮ ಟೈಮ್ ಮುಗೀತ್ರಿ’ ಎನ್ನುತ್ತಲೇ ಇದ್ದೆ. ಅರಳಿಕಟ್ಟಿ ಅದನ್ನು ನಿಲ್ಲಿಸಿ ತಾವೇ ಮೈಕು ಹಿಡಿದು, ‘ಲಗೂ ಬರ್ರಿ, ಲಗೂ ಬರ್ರಿ’ ಎಂದರು. ಯಾವ ಕಡೆಗೆ ಎಂದು ಹೇಳಲು ಅವರಿಗೆ ತೋಚಲಿಲ್ಲ. ಕರೆಂಟೂ ಹೋಯಿತು. ಹಳೆಯ ಬ್ಯಾಟರಿಯ ಮೇಲೆ ನನ್ನ ಸದ್ದು ಅರ್ಧಕ್ಕಿಳಿಯಿತು.

ದಾಕ್ಷಾಯಣಿ ತೊಯ್ದ ಸೀರೆಯಲ್ಲೇ ಟಿಕೆಟ್ ಕೋಣೆಯೊಳಗೆ ಬಂದು ಅವರ ಕೈಯಿಂದ ಮೈಕು ತೆಗೆದುಕೊಂಡಳು.

‘ಬ್ಯಾಡವಾ, ಡಾಕ್ಟರ್ ಏನ್ ಹೇಳ್ಯಾರ?’ ಎಂದರು ಅರಳಿಕಟ್ಟಿ.

ಅವಳು ಕೇಳಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು: ‘ಅಕ್ಕಾರ, ಹೆದರಬ್ಯಾಡ್ರಿ. ನೀರು ಧುಮುಕೋ ಸಪ್ಪಳ ಬೆನ್ನಿಗೆ ಹಾಕ್ರಿ. ನನ್ನ ದನಿ ಬಂದ ಕಡೆ ತುಳೀರಿ. ನೀವು ಬರೂತನಕ ನಾ ಸುಮ್ಮನಾಗೂದಿಲ್ಲ.’

ಸುಮ್ಮನಾಗಲಿಲ್ಲ. ಹೇಳುವುದು ಮುಗಿದಾಗ ಮಗುವಿಗೆ ತೆನೆ ಸುಟ್ಟು ಕೊಡುತ್ತೇನೆ ಎಂದಳು, ನಿಂಬೆಹಣ್ಣು, ಖಾರ ಹಚ್ಚಲೋ ಬೇಡವೋ ಎಂದು ಕೇಳಿದಳು, ಮತ್ತೆ ಮೊದಲಿನಿಂದ ಕೂಗಿದಳು. ಮೊದಲು ದನಿ ಒಡೆಯಿತು. ಆಮೇಲೆ ಹಳೆಯ ಬಟ್ಟೆಯಂತೆ ಎಳೆಎಳೆಯಾಗಿ ಹರಿಯಿತು. ಅದೆಲ್ಲ ನನ್ನ ಬಾಯಿಂದಲೇ ದಾಟಿ ಹೋಯಿತು. ನಾನು ಏನನ್ನೂ ಹಿಡಿದಿಟ್ಟುಕೊಳ್ಳುವವನಲ್ಲ, ಅಂದು ಹಿಡಿದಿಡಬೇಕೆನಿಸಿತು.

ಕೊನೆಗೆ ಮಳೆಯೊಳಗಿಂದ ದೋಣಿಯ ಮೂತಿ ಕಾಣಿಸಿತು. ತಾಯಿ ತುಳಿದು ತುಳಿದು ಸೋತುಹೋಗಿದ್ದಳು. ಮಗಳು ಅವಳ ಕೊರಳು ಬಿಡುತ್ತಿರಲಿಲ್ಲ. ಇಬ್ಬರನ್ನೂ ಎತ್ತಿ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿದರು. ದಾಕ್ಷಾಯಣಿ ಗೋಡೆಗೊರಗಿ ಕೂತಳು. ಮರುದಿನ ಅವಳ ದನಿ ಏಳಲಿಲ್ಲ. ಆಮೇಲೂ ಏಳಲಿಲ್ಲ, ಬಾಯಿ ತೆರೆದರೆ ಬರೀ ಉಸಿರು.

ಕೆಲವು ದಿನ ಕಳೆದು ಆ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಹೂವು, ಹಣ್ಣು, ಒಂದು ಕುಪ್ಪಸದ ಬಟ್ಟೆ. ಮೊದಲು ಕಂಡದ್ದು ತೆನೆಯ ಗಾಡಿ.

‘ಅವತ್ತ ಮೈಕಿನ್ಯಾಗ ನಮ್ಮನ್ನ ಕರೆದ ಅಕ್ಕಾರು ಎಲ್ಲಿ ಅದಾರ್ರಿ?’ ಎಂದು ದಾಕ್ಷಾಯಣಿಯನ್ನೇ ಕೇಳಿದಳು.

ದಾಕ್ಷಾಯಣಿ ಅವಳನ್ನು ನೋಡಿದಳು, ಮಗುವನ್ನು ನೋಡಿದಳು. ತನ್ನ ಎದೆಯತ್ತ ಬೆರಳು ಮಾಡಿದ್ದರೆ ಸಾಕಿತ್ತು. ಆದರೆ ಅವಳು ಕೈ ಎತ್ತಿ ನನ್ನನ್ನು ತೋರಿಸಿದಳು. ಹೇಳಲು ಆಗಲಿಲ್ಲವೋ, ಹೇಳುವುದೇ ಬೇಡವೆನಿಸಿತೋ, ನನಗೆ ತಿಳಿಯಲಿಲ್ಲ. ಆ ತಾಯಿ ಹೂವನ್ನು ನನ್ನ ಕಂಬದ ಬುಡದಲ್ಲಿಟ್ಟು, ಕಣ್ಣು ಮುಚ್ಚಿ, ನನಗೆ ಕೈ ಮುಗಿದಳು. ದಾಕ್ಷಾಯಣಿ ಎಳೆಯ ತೆನೆಯೊಂದನ್ನು ಆರಿಸಿ ಕೆಂಡದ ಮೇಲಿಟ್ಟಳು.

ಮುಂದೆ ನನ್ನ ಅಂಚಿಗೆ ತೂತು ಬಿತ್ತು, ನನ್ನನ್ನು ಇಳಿಸಿದರು. ಈಗ ಗುಜರಿ ಅಂಗಡಿಯಲ್ಲಿ ಮುರಿದ ಸೈಕಲ್ಲುಗಳ ಕೆಳಗಿದ್ದೇನೆ. ದಣಿದಿದ್ದೇನೆ, ಕರಗಿಸಿದರೆ ಕರಗಿಸಲಿ. ಇಷ್ಟು ವರ್ಷ ಯಾರು ಏನು ಆಡಿದರೂ ಆಚೆ ತಲುಪಿಸಿದೆ. ನನ್ನ ಬಳಿ ಉಳಿದದ್ದು ಆ ಒಂದು ನಮಸ್ಕಾರ. ಅದು ನನ್ನದಲ್ಲ, ದಾಕ್ಷಾಯಣಿಯದು. ತಲುಪಿಸೋಣವೆಂದರೆ ಅವಳ ಗಾಡಿ ಈ ದಾರಿಯಲ್ಲಿ ಬರುವುದಿಲ್ಲ.