ಪಕ್ಕದ ಸೀಟಿನ ಬ್ರೇಕು

ನನ್ನ ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮೂವತ್ತು ವರ್ಷದಿಂದ ಪಕ್ಕದ ಸೀಟಿನಲ್ಲೇ ಕೂತವರು. ಅಲ್ಲಿ ಅವರ ಕಾಲಿಗೆಂದೇ ಇನ್ನೊಂದು ಬ್ರೇಕಿದೆ. ನಾನೂ ಒಂದು ಕಾಲದಲ್ಲಿ ಅವರ ಶಿಷ್ಯೆ. ಲೈಸೆನ್ಸ್ ಸಿಕ್ಕಿತು, ಮದುವೆಯೂ ಆಯಿತು, ಪಾಠ ಮಾತ್ರ ಮುಗಿಯಲೇ ಇಲ್ಲ. ಮನೆಗಿರುವುದೂ ಸ್ಕೂಲಿನ ಅದೇ ಕಾರು. ಓಡಿಸುವವಳು ನಾನು, ಬೈಯುವವರು ಅವರು.

ಹೋದ ತಿಂಗಳು ಮಗಳ ಹೊಸ ಮನೆಗೆ ಹೊರಟಿದ್ದೆವು. ಐದು ಗಂಟೆಯ ದಾರಿ. ನಡುವೆ ಒಂದು ದೊಡ್ಡ ಸರ್ಕಲ್ಲಿನಲ್ಲಿ ಮೂರನೇ ರಸ್ತೆ ಹಿಡಿಯುವ ಬದಲು ಎರಡನೆಯದಕ್ಕೆ ನುಗ್ಗಿದೆ, ಅಷ್ಟೇ. "ಕಣ್ಣು ಎಲ್ಲಿಟ್ಟಿದ್ದೀಯ? ಮೂರರವರೆಗೆ ಎಣಿಸೋಕೂ ಬರಲ್ವಾ?" ಎಂದು ಶುರುವಾದ ಪ್ರವಚನ ನಿಲ್ಲುವ ಲಕ್ಷಣವೇ ಕಾಣಲಿಲ್ಲ. ನನಗೂ ಪಿತ್ತ ನೆತ್ತಿಗೇರಿತು. ಕಾರು ತಿರುಗಿಸಿ ಸೀದಾ ಮನೆಗೆ ತಂದು ನಿಲ್ಲಿಸಿದೆ. ಅಲ್ಲಿ ಮಗಳು ಅಡುಗೆ ಮಾಡಿಟ್ಟು ಸಂಜೆಯವರೆಗೂ ಬಾಗಿಲು ಕಾದಳಂತೆ.

ಅದಕ್ಕೇ ಹೇಳಿಬಿಟ್ಟೆ. "ದಾರಿ ತೋರಿಸೋ ಜಿಪಿಎಸ್ ತರೋಣ. ಶನಿವಾರ ಮಗಳ ಮನೆಗೆ ನಾನಂತೂ ಹೋಗೋಳೇ. ನೀವು ಬರೋದಾದ್ರೆ ಬಾಯಿ ಮುಚ್ಕೊಂಡು ಬನ್ನಿ."

"ಫೋನಲ್ಲೇ ಬರತ್ತಲ್ಲ?"

"ನಿಮ್ಮ ಶಿಷ್ಯರು ನಿಮಿಷಕ್ಕೊಂದು ಸಲ ಫೋನ್ ಮಾಡ್ತಾರೆ. ಅಷ್ಟರಲ್ಲಿ ತಿರುವು ದಾಟಿ ಹೋಗಿರತ್ತೆ."

ಅವರ ಮುಖ ಹುಳ್ಳಗಾಯಿತು. "ಹಾಗಾದ್ರೆ ಆರಿಸೋದು ನಾನು," ಎಂದರು.

ಆರಿಸುವುದು ಎಂದರೆ ಅಂಗಡಿಯಲ್ಲಿ ಬೆಲೆ ಕೇಳಿ ತರುವುದು ಎಂದುಕೊಂಡಿದ್ದೆ. ಇವರು ಬೊಕ್ಕತಲೆಯ ಅಂಗಡಿಯವನನ್ನೇ ಮೂರು ಜಿಪಿಎಸ್ ಡಬ್ಬಿಗಳ ಸಮೇತ ನಮ್ಮ ಕಾರಿನ ಹಿಂದಿನ ಸೀಟಿಗೆ ತುಂಬಿದರು. ಶಿಷ್ಯರಿಗೆ ಅಂಕ ಹಾಕುವ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ಓಡಿಸಬೇಕು, ಯಂತ್ರ ಪರೀಕ್ಷೆಗೆ ಕೂರಬೇಕು.

ಮೊದಲನೆಯದು ತಿರುವಿನ ಬುಡಕ್ಕೆ ಬಂದ ಮೇಲೆ ಬಾಯಿ ಬಿಟ್ಟಿತು. "ಇದಕ್ಕೆ ನಿದ್ದೆ ಮಂಪರು. ಫೇಲ್."

ಎರಡನೆಯದು ದಾರಿಯ ಜೊತೆಗೆ ಪೆಟ್ರೋಲ್ ಬಂಕು, ಹೋಟೆಲು, ಪಾರ್ಕಿಂಗು ಎಂದು ವರದಿ ಒಪ್ಪಿಸತೊಡಗಿತು. "ಊರ ಉಸಾಬರಿಯೆಲ್ಲ ಇದಕ್ಕೇ ಬೇಕು. ಮಾತು ಜಾಸ್ತಿ. ಫೇಲ್."

"ಮಾತು ಜಾಸ್ತಿ ಅಂತ ಹೇಳ್ತಿರೋದು ಯಾರು?" ಎಂದೆ. ಹಿಂದೆ ಅಂಗಡಿಯವ ಕೆಮ್ಮಿದ.

ಮೂರನೆಯದರದು ಮೆಲುದನಿ. ನೋಡೋಣ ಎಂದು ಬೇಕೆಂದೇ ಒಂದು ತಿರುವು ತಪ್ಪಿಸಿದೆ. "ಹೊಸ ದಾರಿ ಹುಡುಕುತ್ತಿದ್ದೇನೆ," ಎಂದಿತು. ಅಷ್ಟೇ. ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು.

"ಬೈಲೇ ಇಲ್ವಲ್ಲ!" ಮೇಷ್ಟ್ರು ಕೆಂಡವಾದರು. "ಬೈಯದಿದ್ರೆ ಯಾರು ಕಲೀತಾರೆ? ಫೇಲ್."

ನಾನು ಕಾರು ನಿಲ್ಲಿಸಿದೆ. "ಇಳೀರಿ. ನೀವೇ ಓಡಿಸಿ, ಗೊತ್ತಾಗತ್ತೆ."

ಅವರು ಸ್ಟೀರಿಂಗ್ ಹಿಡಿದು ಎಷ್ಟು ಕಾಲವಾಗಿತ್ತೋ! ಆದರೂ ಠೀವಿಯಿಂದಲೇ ಹೊರಟರು. ಅವರ ಸೀಟಿನಲ್ಲಿ ನಾನು, ಅವರ ಬ್ರೇಕಿನ ಮೇಲೆ ನನ್ನ ಕಾಲು.

"ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ," ಎಂದಿತು ಯಂತ್ರ.

ಅವರು ನನ್ನ ಕಡೆ ವಾಲಿ ಬೆರಳು ತೋರಿಸಿದರು. "ಕೇಳಿಸ್ತಾ? ಕನ್ನಡಿ ನೋಡು. ಇಂಡಿಕೇಟರ್ ಹಾಕು. ಹಾಂ, ಈಗ ತಿರುಗಿಸು!"

ಯಾರೂ ತಿರುಗಿಸಲಿಲ್ಲ. ಸ್ಟೀರಿಂಗ್ ಇದ್ದದ್ದು ಅವರ ಕೈಯಲ್ಲೇ. ಕಾರು ನೆಟ್ಟಗೆ ಪೀಠೋಪಕರಣದ ಅಂಗಡಿಯ ಅಂಗಳಕ್ಕೆ ನುಗ್ಗಿತು. ನಾನು ಬ್ರೇಕು ಒತ್ತಿ ಕಾರು ನಿಂತಾಗ ಹಾಸಿಗೆಗಳ ರಾಶಿ ಒಂದು ಗೇಣು ದೂರದಲ್ಲಿತ್ತು.

"ಹೊಸ ದಾರಿ ಹುಡುಕುತ್ತಿದ್ದೇನೆ," ಎಂದಿತು ಯಂತ್ರ.

ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಕೇಳಿದ ಬೈಗುಳದ ದಾಸ್ತಾನು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅವರ ಭುಜ ಕಣ್ಣಿಗೆ ಬಿತ್ತು. ಕುಗ್ಗಿಸಿಕೊಂಡು, ಕತ್ತು ತಗ್ಗಿಸಿ, ಈಗ ಬಂತು ಎಂದು ಕಾಯುತ್ತಿದ್ದರು. ಅವರು ಬೈಯುವಾಗ ಹಾಗೆ ಕೂರುವವಳು ನಾನು. ಪಾಪ ಎನಿಸಿತು, ನನ್ನ ಬಗ್ಗೆಯೂ.

"ಪರವಾಗಿಲ್ಲ. ಮುಂದೆ ತಿರುಗೋಕೆ ಜಾಗ ಸಿಗತ್ತೆ," ಎಂದೆ.

ಅವರು ಯಂತ್ರದ ಕಡೆ ಬೆರಳು ತೋರಿಸಿದರು. "ಇದನ್ನ ತಂದ್ಮೇಲೆ ಪಕ್ಕದಲ್ಲಿ ನಾನ್ಯಾಕೆ?"

"ಜೊತೆಗೆ."

ಹಾಳೆಯಲ್ಲಿ ಮೂರನೆಯದರ ಮುಂದೆ ಫೇಲ್ ಹೊಡೆದುಹಾಕಿ 'ನಡತೆ ಉತ್ತಮ' ಎಂದು ಬರೆದರು. ಅಂಗಡಿಯವ ಬದುಕಿದೆಯಾ ಬಡಜೀವವೇ ಎಂದು ಇಳಿದ.

ಶನಿವಾರ ಅದೇ ಸರ್ಕಲ್ ಬಂತು. ಮೂರನೇ ರಸ್ತೆ ಎಂದು ಯಂತ್ರ ಎರಡು ಸಲ ಹೇಳಿತು. ಹೋದ ಸಲದ ಹೆದರಿಕೆಯಲ್ಲಿ ನಾನು ಮತ್ತೆ ಎರಡನೆಯದಕ್ಕೇ ನುಗ್ಗಿದೆ.

ಪಕ್ಕದಲ್ಲಿ ದೀರ್ಘವಾಗಿ ಉಸಿರೆಳೆದ ಸದ್ದು. ಓರೆಗಣ್ಣಲ್ಲಿ ನೋಡಿದೆ. ಅವರು ಚಪ್ಪಲಿ ಬಿಟ್ಟು, ಬ್ರೇಕಿನ ಮೇಲಿದ್ದ ಕಾಲನ್ನೂ ಇನ್ನೊಂದು ಕಾಲನ್ನೂ ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಪರವಾಗಿಲ್ಲ," ಎಂದರು, ನೀರಿಲ್ಲದೆ ಮಾತ್ರೆ ನುಂಗಿದವರಂತೆ. "ಮುಂದೆ ತಿರುಗೋಕೆ ಜಾಗ ಸಿಗತ್ತೆ."

ನನಗೆ ಕಣ್ಣು ಮಂಜಾಗಿ ಆ ಜಾಗವೂ ತಪ್ಪಿಹೋಯಿತು. ಅದಕ್ಕೂ ಅವರು ತುಟಿಪಿಟಕ್ಕೆನ್ನಲಿಲ್ಲ.

ತಲುಪಿದಾಗ ಒಂದು ಗಂಟೆ ತಡವಾಗಿತ್ತು. ಮಗಳು ಓಡಿ ಬಂದು ಅಪ್ಪನ ಕಡೆಯ ಬಾಗಿಲು ತೆರೆದಳು. ಅವರಿಗೆ ಇಳಿಯಲಾಗಲಿಲ್ಲ. ಎರಡೂ ಕಾಲು ಜೋಮು ಹಿಡಿದಿದ್ದವು. ಸರ್ಕಲ್ಲಿನಿಂದ ಅಲ್ಲಿಯವರೆಗೆ ಅವರು ಕಾಲು ಕೆಳಗಿಟ್ಟೇ ಇರಲಿಲ್ಲ.