ಹೆಗಲ ಮೇಲಿನ ಡಬ್ಬಲ್ ಬೆಲ್

ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಗ್ಗಿ ನೋಡುವ ಕಷ್ಟ ಯಾರಿಗೂ ಬೇಡ. ಸೀಟಿನ ಮೇಲೆ ನೆಟ್ಟಗೆ ಕೂತರೆ ಎರಡೂ ಕಾಲು ಗಾಳಿಯಲ್ಲಿ. ಕುಂಡೆ ಎಡಕ್ಕೆ ಸರಿಸಿದರೆ ಎಡಗಾಲಿನ ಹೆಬ್ಬೆರಳೊಂದು ನೆಲ ಮುಟ್ಟುತ್ತದೆ, ಅದೂ ನೆಲ ಸಮ ಇದ್ದರೆ. ಹಾಗಿದ್ದ ಮೇಲೆ ಇಷ್ಟೆತ್ತರದ ಗಾಡಿ ಯಾಕೆ ತಗೊಂಡೆ ಎಂದು ಅರ್ಧ ಕೊಲ್ಹಾಪುರ ಕೇಳಿದೆ. ಉಳಿದರ್ಧ ಕೇಳದೆ ನಕ್ಕಿದೆ.

ಯಾಕೆ ಎಂದರೆ, ಅದನ್ನು ಶೋರೂಮಿನಲ್ಲಿ ನೋಡಿದ ದಿನ ನನಗೆ ತಲೆ ಕೆಟ್ಟಿತು, ಅಷ್ಟೆ. ಕೊಕ್ಕಿನ ಹಾಗೆ ಮುಂದೆ ಚಾಚಿದ ಮೂತಿ, ಎತ್ತರದ ಮುಂಚಕ್ರ, ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ. ದೊಡ್ಡ ಬೈಕಿನವರು ಇದನ್ನು ಚಿಕ್ಕದು ಅನ್ನುತ್ತಾರೆ, ಚಿಕ್ಕ ಬೈಕಿನವರು ದೊಡ್ಡದು ಅನ್ನುತ್ತಾರೆ, ನನ್ನ ಗಂಡ ಎಮ್ಮೆ ಅನ್ನುತ್ತಾನೆ. ಓಡುತ್ತಿರುವಾಗ ಅದಕ್ಕೆ ನನ್ನ ಎತ್ತರದ ಲೆಕ್ಕವೇ ಇಲ್ಲ. ಕಲ್ಲುದಾರಿಯಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಕಬ್ಬಿನ ಗದ್ದೆಯನ್ನು ಮೇಲಿನಿಂದ ನೋಡುತ್ತ ಹೋಗುವಾಗ ನನಗಿಂತ ಎತ್ತರದ ಹೆಂಗಸು ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸುತ್ತದೆ. ತೊಂದರೆ ಇರುವುದೆಲ್ಲ ನಿಲ್ಲುವುದರಲ್ಲಿ.

ನಿಂತಾಗಲೆಲ್ಲ ಬಿದ್ದೆ. ಹಾಲಿನ ಅಂಗಡಿ ಮುಂದೆ ಬಿದ್ದೆ, ಅಂಬಾಬಾಯಿ ಗುಡಿಯ ಹತ್ತಿರ ಬಿದ್ದೆ, ಸ್ವಂತ ಮನೆಯ ಬಾಗಿಲಲ್ಲಿ, ಆರತಿ ತಟ್ಟೆ ಹಿಡಿದು ನಿಂತ ಅತ್ತೆಯ ಕಣ್ಣೆದುರೇ ಬಿದ್ದೆ. ನಮ್ಮ ರೈಡರ್‌ಗಳ ಕ್ಲಬ್ಬಿನಲ್ಲಿ ಒಂದು ಕಟ್ಟಳೆ ಇದೆ: ಯಾರ ಗಾಡಿ ನೆಲಕ್ಕೆ ಮಲಗಿತೋ ಅವರು ಎಲ್ಲರಿಗೂ ಒಂದೊಂದು ತಟ್ಟೆ ಮಿಸಳ್ ಪಾವ್ ತಿನ್ನಿಸಬೇಕು. ಆ ಮಳೆಗಾಲದಲ್ಲಿ ಕ್ಲಬ್ಬಿನವರೆಲ್ಲ ನನ್ನ ಮಿಸಳ್ ತಿಂದೇ ದಪ್ಪಗಾದರು. ರಂಕಾಳ ಕೆರೆ ದಂಡೆಯ ಮಿಸಳ್ ಅಂಗಡಿಯವನು ನನ್ನನ್ನು ಕಂಡರೆ ಎದ್ದು ನಿಲ್ಲತೊಡಗಿದ.

ಆಗ ನನ್ನ ಕೈ ಹಿಡಿದವಳು ಆ ಆರತಿ ತಟ್ಟೆಯ ಹೆಂಗಸೇ, ನನ್ನ ಅತ್ತೆ ಹೌಸಾಬಾಯಿ. ಸರ್ಕಾರಿ ಎಸ್.ಟಿ. ಬಸ್ಸಿನ ಕಂಡಕ್ಟರ್ ಆಗಿ ರಿಟೈರ್ ಆದವಳು. ಬಾಗಿಲಲ್ಲಿ ನಿಂತರೆ ತಲೆ ಚೌಕಟ್ಟಿಗೆ ತಾಗುವಷ್ಟು ಎತ್ತರ. ಕಚ್ಚೆ ಸೀರೆಯ ಮೇಲೆ ತನ್ನ ಗಂಡನ ಹಳೇ ಜರ್ಕಿನ್ ತೊಟ್ಟು, ಹೆಲ್ಮೆಟ್ ಹಾಕಿ ಒಂದು ದಿನ ಹೇಳದೆ ಕೇಳದೆ ನನ್ನ ಹಿಂದೆ ಹತ್ತಿ ಕೂತಳು. ಗಾಡಿ ನಿಧಾನವಾಗುತ್ತಿದ್ದ ಹಾಗೆ, ಇನ್ನೂ ಪೂರ್ತಿ ನಿಲ್ಲುವ ಮೊದಲೇ, ಬಸ್ಸಿನ ಮೆಟ್ಟಿಲಿಂದ ಇಳಿಯುವ ಹಾಗೆ ಎಡಕ್ಕೆ ಇಳಿದು, ಹಿಂದಿನ ಕ್ಯಾರಿಯರನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟಳು. ನಾನು ಬೀಳಲಿಲ್ಲ. ಆವತ್ತು ನನಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು, ಆದರೆ ಇಳಿಯಲು ಬರಲಿಲ್ಲ.

ಅಲ್ಲಿಂದ ನಮ್ಮ ಜೋಡಿ ಗಟ್ಟಿಯಾಯಿತು. ಹೆಲ್ಮೆಟ್ಟಿನೊಳಗೆ ಮಾತಾಡುವ ಯಂತ್ರ ಹಾಕೋಣ ಎಂದರೆ ಅವಳು ಒಪ್ಪಲಿಲ್ಲ. ಬಸ್ಸಿನ ಬೆಲ್ಲಿನ ಪದ್ಧತಿಯೇ ಸಾಕು ಎಂದಳು. ಹೆಗಲ ಮೇಲೆ ಒಂದು ಏಟು ಕೊಟ್ಟರೆ ನಿಲ್ಲಿಸು, ಎರಡು ಕೊಟ್ಟರೆ ಹೊರಡು. ಎರಡೇಟು ಬಿದ್ದ ಮೇಲೆ ಹಿಂದೆ ತಿರುಗಿ ನೋಡುವ ಡ್ರೈವರ್ ಡ್ರೈವರೇ ಅಲ್ಲ ಎಂಬುದು ಅವಳ ಕಾನೂನು. ನಾನು ಒಮ್ಮೆಯೂ ತಿರುಗಿ ನೋಡಿದವಳಲ್ಲ.

ಕ್ಲಬ್ಬಿನ ಅಧ್ಯಕ್ಷ ಸರ್ಜೇರಾವ್ ಮಾಮಾ ಅವರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಅವರ ಮೀಸೆ ದೊಡ್ಡದು, ಬೈಕು ಅದಕ್ಕಿಂತ ದೊಡ್ಡದು. ಅವರ ಅಣ್ಣನ ಮಗ ಧೈರ್ಯಶೀಲನಂತೂ ಆರಡಿ ಆಳು, ಎಲ್ಲಿ ಕಂಡರೂ ನನ್ನ ಗಾಡಿಯ ಟ್ಯಾಂಕನ್ನು ನೇವರಿಸುತ್ತ ನಿಲ್ಲುತ್ತಿದ್ದ. ಒಂದು ಭಾನುವಾರ ಮಿಸಳ್ ತಿನ್ನುವಾಗ ಮಾಮಾ ಮಾತು ತೆಗೆದರು. ದೇವಗಡದ ಸಮುದ್ರದ ತನಕ ಹೋಗುವುದಿದೆ, ಗಗನಬಾವಡಾ ಘಾಟಿ ಇಳಿಯುವುದಿದೆ, ಉಜ್ವಲಾಗೆ, ಅಂದರೆ ನನಗೆ, ಈ ಗಾಡಿ ದೊಡ್ಡದಾಯಿತು, ಅದನ್ನು ಧೈರ್ಯಶೀಲನಿಗೆ ಕೊಟ್ಟು ಸಣ್ಣದೊಂದು ತಗೊಳ್ಳಲಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೇಜು ಗುದ್ದಿದಳು.

"ನನ್ ಸೊಸಿ ಬೀಳಂಗಿಲ್ಲ. ಸಮುದ್ರದ ತನಕಾ ಒಮ್ಮಿ ಗಾಡಿ ಮಲಗ್ಸಿದ್ಲಂದ್ರ, ಗಾಡಿ ನಿಮ್ಮ ಹುಡುಗಂದು. ಮಲಗ್ಸಲಿಲ್ಲಂದ್ರ ದಸರಾ ಮೆರವಣಿಗ್ಯಾಗ ಎಲ್ಲಾರ ಮುಂದ ನನ್ ಸೊಸೀನ ಹೋಗಾಕಿ. ನೀವು ಅಕಿ ಹಿಂದ."

ಮಾಮಾ ಮೀಸೆ ಒರೆಸಿಕೊಂಡು ಒಪ್ಪಿದರು. ನೀವು ಇಳಿದು ಗಾಡಿ ಹಿಡಿದುಕೊಳ್ಳುವುದಕ್ಕೂ ನನ್ನ ಅಡ್ಡಿಯಿಲ್ಲ ಎಂದು ಉದಾರವಾಗಿ ಸೇರಿಸಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೊಲ್ಹಾಪುರದಲ್ಲಿ ಮಿಸಳ್ ತಟ್ಟೆಯ ಮುಂದೆ ಕೊಟ್ಟ ಮಾತು ವಾಪಸ್ ತಗೊಂಡವರು ಆ ಮೇಲೆ ಊರಲ್ಲಿ ತಿರುಗಾಡುವುದು ಕಷ್ಟ. ಆ ರಾತ್ರಿ ನಾನು ಗಾಡಿಯನ್ನು ಎರಡು ಸಲ ಒರೆಸಿದೆ. ಅಳು ಬರುವ ಹಾಗಿತ್ತು.

ಆದರೆ ಹೊರಟ ದಿನ ಅಳು ಎಲ್ಲಿ ಹೋಯಿತೋ. ಮಳೆ ಮುಗಿದು ನೆಲ ಇನ್ನೂ ಹಸಿರಾಗಿತ್ತು. ಕಬ್ಬು ತಲೆ ಮೀರಿ ಬೆಳೆದಿತ್ತು, ಗಾಳಿಯಲ್ಲಿ ಬೆಲ್ಲ ಕಾಯಿಸುವ ವಾಸನೆ. ಗಾಡಿ ಗುರುಗುಡುತ್ತ ಹೋಗುತ್ತಿದ್ದರೆ ನನಗೆ ಕಾರಣವಿಲ್ಲದೆ ನಗು ಬರುತ್ತಿತ್ತು. ಎಲ್ಲಿ ನಿಂತರೂ ಅತ್ತೆ ಇಳಿದಳು, ಹಿಡಿದಳು. ಹೊರಡುವಾಗ ನನ್ನ ಎಡಗಾಲಿಗೆ ಒಂದು ಕಲ್ಲು ಇರುವ ಜಾಗವನ್ನು ಅವಳೇ ಆರಿಸುತ್ತಿದ್ದಳು. ಗಗನಬಾವಡಾ ಮುಟ್ಟುವ ಹೊತ್ತಿಗೆ ಧೈರ್ಯಶೀಲನ ಮುಖ ಸಪ್ಪಗಾಗಿತ್ತು.

ಅಲ್ಲಿ ಚಹಾಕ್ಕೆ ನಿಂತೆವು. ಮಂಜು ಕಣಿವೆಯಿಂದ ಎದ್ದು ರಸ್ತೆಗೇ ಬಂದಿತ್ತು. ಚಹಾ ಮುಗಿದ ಮೇಲೆ ನಾನು ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ ಕೂತೆ, ಸ್ಟ್ಯಾಂಡ್ ಮಡಚಿದೆ, ಎಂಜಿನ್ ಶುರು ಮಾಡಿದೆ. ಅತ್ತೆ ತನ್ನ ಊಟದ ಗಂಟನ್ನು ಹಿಂದಿನ ಸೀಟಿನ ಮೇಲೆ ಇಟ್ಟಳು. ಜೋಳದ ಭಾಕ್ರಿ, ಮೆಣಸಿನಕಾಯಿ ಠೇಚಾ, ಶೇಂಗಾ ಚಟ್ನಿ, ಎಲ್ಲಕ್ಕೂ ಸುತ್ತಿದ ಅವಳ ಉಣ್ಣೆ ಶಾಲು. ದಿನವೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುವವಳು. ಇಟ್ಟ ಮೇಲೆ ಕನ್ನಡಕ ಚಹಾದ ಮೇಜಿನ ಮೇಲೆ ಉಳಿದದ್ದು ನೆನಪಾಗಿ ತಿರುಗಿ ಹೋದಳಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಆಗ ನಾನು ಮುಂದಿನ ಮಂಜನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಸರ್ಜೇರಾವ್ ಮಾಮಾ ಹಿಂದಿನಿಂದ ಬಂದರು. ಚಹಾ ಚೆನ್ನಾಗಿತ್ತೋ, ಮನಸ್ಸು ಮೆತ್ತಗಾಗಿತ್ತೋ, ಇಲ್ಲಿಯ ತನಕ ಬೀಳದೆ ಬಂದೆಯಲ್ಲ ಎಂಬ ಅಭಿಮಾನಕ್ಕೆ ನನ್ನ ಹೆಗಲ ಮೇಲೆ ಶಾಬಾಸ್ ಎಂದು ತಟ್ಟಿದರು. ಎರಡು ಸಲ.

ಡಬ್ಬಲ್ ಬೆಲ್. ನನ್ನ ಕೈಕಾಲು ನನ್ನನ್ನು ಕೇಳಲೇ ಇಲ್ಲ. ಗೇರ್ ಬಿತ್ತು, ಕೈ ಕ್ಲಚ್ ಬಿಟ್ಟಿತು, ಗಾಡಿ ಹೊರಟಿತು. ತಿರುಗಿ ನೋಡುವ ಪ್ರಶ್ನೆಯೇ ಇರಲಿಲ್ಲ.

ಆ ಘಾಟಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಒಂದು ತಿರುವಿನಲ್ಲಿ ಮಂಜು, ಇನ್ನೊಂದರಲ್ಲಿ ಬಿಸಿಲು, ಮತ್ತೊಂದರಲ್ಲಿ ಬಂಡೆಯಿಂದ ನೀರು ನೇರ ರಸ್ತೆಗೇ ಸುರಿಯುತ್ತಿತ್ತು. ಗಾಡಿ ಎಡಕ್ಕೆ ವಾಲಿ, ಬಲಕ್ಕೆ ವಾಲಿ ನೀರು ಕುಡಿದಷ್ಟು ಸಲೀಸಾಗಿ ಇಳಿಯಿತು. ನಾನು ಅತ್ತೆಯ ಜೊತೆ ಜೋರಾಗಿ ಮಾತಾಡಿದೆ, ಹಾಡಿದೆ, ಸರ್ಜೇರಾವ್ ಮಾಮಾನ ಮೀಸೆಯನ್ನು ಆಡಿಕೊಂಡೆ. ಉತ್ತರ ಬರಲಿಲ್ಲ, ಅದು ಎಂದೂ ಬರುವುದೂ ಇಲ್ಲ. ಒಂದು ಕಡಿದಾದ ತಿರುವಿನಲ್ಲಿ ಹಿಂದಿನಿಂದ ಮೆತ್ತನೆಯ ಭಾರವೊಂದು ನನ್ನ ಬೆನ್ನಿಗೆ ಬಂದು ಒರಗಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೌಸಾಬಾಯಿ ಯಾರಿಗೂ ಒರಗಿದ್ದನ್ನು ನಾನು ಕಂಡಿರಲಿಲ್ಲ. ತನ್ನ ಗಂಡ ತೀರಿಕೊಂಡ ದಿನವೂ ಗೋಡೆಗೆ ಕೂಡ ಒರಗದೆ ಕೂತಿದ್ದವಳು. ಇವತ್ತು ನನ್ನನ್ನು ನಂಬಿ ಒರಗಿದ್ದಾಳೆ. ಮಲಗ್ರಿ ಅತ್ತೀ, ನಾ ಅದೀನಿ ಎಂದೆ.

ಹಿಂದೆ ಹಾರ್ನ್ ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ ಧೈರ್ಯಶೀಲ, ಲೈಟು ಹಾಕಿ ಆರಿಸಿ, ಒಂದು ಕೈ ಮೇಲೆತ್ತಿ ಬೀಸುತ್ತಿದ್ದಾನೆ. ಹೋ, ಪಂದ್ಯಕ್ಕೆ ಬಂದೆಯಾ ಮಗನೇ, ಗಾಡಿ ಕೈಗೆ ಸಿಗುವುದಿಲ್ಲ ಅಂತ ಹೊಟ್ಟೆ ಉರಿಯೇ ಎಂದುಕೊಂಡು ನಾನು ಆಕ್ಸಿಲರೇಟರ್ ತಿರುವಿದೆ. ಪಾಪ, ಅವನು ಹಿಂದೆ ಉಳಿದ.

ಘಾಟಿಯ ಬುಡದಲ್ಲಿ ರಸ್ತೆ ತುಂಬ ಎಮ್ಮೆ. ಈ ಅಂಚಿಂದ ಆ ಅಂಚಿನ ತನಕ, ಯಾವ ಅವಸರವೂ ಇಲ್ಲದೆ. ನಾನು ವೇಗ ಇಳಿಸಿ, ಅತ್ತೀ ಇಳೀರಿ ಎಂದೆ. ಗಾಡಿ ಹಗುರಾಗುವುದನ್ನು ಕಾದೆ. ಆಗಲಿಲ್ಲ. ಕನ್ನಡಿಯನ್ನು ಸ್ವಲ್ಪ ವಾರೆ ಮಾಡಿ ನೋಡಿದೆ. ನನ್ನ ಬೆನ್ನಿಗೆ ಒರಗಿ ಮಲಗಿದ್ದದ್ದು ಶಾಲು ಹೊದ್ದ ಭಾಕ್ರಿ ಗಂಟು.

ಅತ್ತೆ ಘಾಟಿಯ ಮೇಲೆ, ನಾನು ಕೆಳಗೆ, ನಿಲ್ಲಿಸುವವರಿಲ್ಲದ ಎಮ್ಮೆ ನನ್ನ ತೊಡೆಗಳ ನಡುವೆ, ಮುಂದೆ ಅದರ ಬಳಗವೆಲ್ಲ. ಎಡಕ್ಕೆ ನೆಲ ಗಟಾರಕ್ಕೆ ಇಳಿಜಾರು, ಹೆಬ್ಬೆರಳು ಕೂಡ ಎಟುಕದು. ಕಲ್ಲಿಲ್ಲ, ಕಟ್ಟೆಯಿಲ್ಲ. ಬಿದ್ದರೆ ಗಾಡಿ ಧೈರ್ಯಶೀಲನದು. ಅವನು ಟ್ಯಾಂಕು ನೇವರಿಸುವುದು ಕಣ್ಣಿಗೆ ಕಟ್ಟಿತು.

ಆಗ ಹೊಳೆಯಿತು. ನಿಂತ ಮೇಲೆ ಕಾಲು ಊರಲು ಹೋದರೆ ತಾನೇ ಬೀಳುವುದು? ಅತ್ತೆ ಎಂದಾದರೂ ನಿಂತ ಮೇಲೆ ಇಳಿದಿದ್ದಾಳೆಯೇ? ಕ್ಲಚ್ ಹಿಡಿದೆ, ಎಡ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತೆ, ಬಲಗಾಲನ್ನು ಸೀಟಿನ ಮೇಲಿಂದ ಈಚೆಗೆ ಎಳೆದುಕೊಂಡೆ. ಗಂಟು ಅಡ್ಡ ಬಂತು, ಒದ್ದು ರಸ್ತೆಗೆ ಕೆಡವಿದೆ. ಗಾಡಿ ಇನ್ನೂ ಉರುಳುತ್ತಿರುವಾಗಲೇ, ಬಸ್ಸಿಂದ ಇಳಿಯುವ ಕಂಡಕ್ಟರ್ ಹಾಗೆ, ನೆಲಕ್ಕೆ ಇಳಿದು ಅದರ ಜೊತೆ ಮೂರ್ನಾಲ್ಕು ಹೆಜ್ಜೆ ಓಡಿ ಬ್ರೇಕ್ ಹಿಡಿದೆ.

ನಿಂತಿತು. ಗಾಡಿ ನಿಂತಿತು, ಪಕ್ಕದಲ್ಲಿ ನಾನೂ ನಿಂತಿದ್ದೆ, ಎರಡೂ ಕಾಲು ನೆಲದ ಮೇಲೆ. ಗಾಡಿಯ ಭಾರ ನನ್ನ ಸೊಂಟಕ್ಕೆ ತಾಗಿ ಸುಮ್ಮನಿತ್ತು. ನಾನು ಯಾರೂ ಕೇಳದಿದ್ದರೂ ಎಮ್ಮೆಗಳಿಗೆ ನಿಂತೆ ನೋಡ್ರೇ ಎಂದು ಹೇಳಿದೆ. ಅವು ನೋಡಲಿಲ್ಲ. ಅವು ಗಂಟು ಬಿಚ್ಚಿಕೊಂಡು ಭಾಕ್ರಿ ತಿನ್ನುತ್ತಿದ್ದವು. ಒಂದಕ್ಕೆ ಠೇಚಾ ಸಿಕ್ಕಿ ಅದು ರಸ್ತೆ ಬಿಟ್ಟು ಹೊಳೆಯ ಕಡೆ ಓಡಿತು.

ಧೈರ್ಯಶೀಲ ಬಂದು, ಬಾಯಿ ತೆರೆದುಕೊಂಡು, ನೆಟ್ಟಗೆ ನಿಂತ ಗಾಡಿಯನ್ನೂ ನನ್ನನ್ನೂ ನೋಡಿದ. ಅವನ ಹಿಂದೆ ಸರ್ಜೇರಾವ್ ಮಾಮಾ ಅವರ ದೊಡ್ಡ ಬೈಕು. ಹಿಂದಿನ ಸೀಟಿನಲ್ಲಿ ಹೌಸಾಬಾಯಿ, ಕನ್ನಡಕ ಹಾಕಿಕೊಂಡು, ಮಾಮಾ ಅವರ ಹೆಗಲಿಗೆ ಒಂದೇಟು ಬಾರಿಸುತ್ತಿದ್ದಾಳೆ. ಅವರು ನಿಧಾನ ಮಾಡಿದರು. ನಾನು ಒಬ್ಬಳೇ ನಿಂತದ್ದನ್ನು ಕಂಡ ಅತ್ತೆ ಅಭ್ಯಾಸದಂತೆ ನಿಲ್ಲುವ ಮೊದಲೇ ಇಳಿದಳು. ಆದರೆ ಕ್ಯಾರಿಯರ್ ಹಿಡಿಯಲಿಲ್ಲ. ಸೀದಾ ನನ್ನ ಕಡೆ ಓಡಿ ಬಂದಳು. ಎಡಕ್ಕೆ ತುಳಿದು ಒಮ್ಮೆಲೇ ಇಳಿದ ಆ ಎತ್ತರದ ಹೆಂಗಸಿನ ಸೆಳೆತಕ್ಕೆ ಮಾಮಾ ವಾಲಿದರು, ಊರಿದ ಕಾಲು ಗಟಾರಕ್ಕೆ ಇಳಿಯಿತು. ಬೈಕು ಬಹಳ ಮರ್ಯಾದೆಯಿಂದ, ನಿಧಾನವಾಗಿ, ಸೆಗಣಿಯ ಮೇಲೆ ಮಲಗಿತು.

ಮೊದಲು ಬಾಯಿಬಿಟ್ಟವನು ಧೈರ್ಯಶೀಲ. "ಕಾಕಾ, ಮಿಸಳ್ ಖಾರದ್ದೋ, ಸಾದಾದ್ದೋ?"

ಮಾಮಾ ಗಟಾರದಲ್ಲಿ ಕೂತೇ ನಕ್ಕರು. ಮೀಸೆ ತುಂಬ ಕೆಸರು ಮೆತ್ತಿತ್ತು. ನಾದಖುಳಾ ಎಂದು ಕೊಲ್ಹಾಪುರದ ಭಲೇ ಕೊಟ್ಟು, ಅತ್ತೆ ಸೊಸೆ ಇಬ್ಬರೂ ಹುಚ್ಚರೇ ಎಂದರು. ನಾವೆಲ್ಲ ಸೇರಿ ಬೈಕು ಎತ್ತುವ ಹೊತ್ತಿಗೆ ನಗುತ್ತ ನಗುತ್ತ ಕೈಯಲ್ಲಿ ಬಲವೇ ಇರಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದಳು, ನೆಲದ ಮೇಲಿದ್ದ ನನ್ನ ಎರಡೂ ಕಾಲು ನೋಡಿದಳು, ಖಾಲಿ ಶಾಲು ಕೊಡವಿ ಹೆಗಲ ಮೇಲೆ ಹಾಕಿಕೊಂಡಳು.

ಅಲ್ಲಿಂದ ದೇವಗಡದ ತನಕ ಅವಳು ಎಂದಿನ ಹಾಗೆ ನೆಟ್ಟಗೆ ಕೂತಿದ್ದಳು. ಸಮುದ್ರ ಕಂಡಿತು. ದಂಡೆಯ ರಸ್ತೆಯಲ್ಲಿ ನನ್ನ ಹೆಗಲ ಮೇಲೆ ಒಂದೇಟು ಬಿತ್ತು. ನಾನು ವೇಗ ಇಳಿಸಿ, ಅವಳು ಇಳಿಯಲೆಂದು ಕಾದೆ. ಇಳಿಯಲಿಲ್ಲ.

"ಅತ್ತೀ, ಇಳೀರಿ. ನಿಲ್ಲಾಕತ್ತೀನಿ."

"ನಿಂದ್ರಸು. ನಿಂತ ಮ್ಯಾಲ ಇಳೀತೀನಿ. ಇವತ್ತಿನಿಂದ ನಾ ಕಂಡಕ್ಟರ್ ಅಲ್ಲ, ಪ್ಯಾಸೆಂಜರ್."

ರಸ್ತೆಯಂಚಿಗೆ ಕೆಂಪುಕಲ್ಲಿನ ತಗ್ಗು ಕಟ್ಟೆಯೊಂದು ಹಾದುಹೋಗಿತ್ತು. ಎಲ್ಲಿ ಕಲ್ಲಿದೆ ಎಂದು ನೋಡುವುದನ್ನು ಅವಳಿಂದಲೇ ಕಲಿತಿದ್ದೆ. ಅದರ ಪಕ್ಕಕ್ಕೇ ತಂದು, ಕುಂಡೆ ಎಡಕ್ಕೆ ಸರಿಸಿ, ಕಾಲು ಊರಿದೆ. ಗಾಡಿ ಒಮ್ಮೆ ತೂಗಿ ನಿಂತಿತು. ಎಂಜಿನ್ ಆರಿಸಿದೆ. ಅವಳು ಆಗಲೂ ಇಳಿಯಲಿಲ್ಲ. ಅಲೆಯ ಸದ್ದು ಕೇಳುತ್ತ ಇಬ್ಬರೂ ಕೂತೆವು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮೆತ್ತನೆಯ ಭಾರವೊಂದು ನನ್ನ ಬೆನ್ನಿಗೆ ಬಂದು ಒರಗಿತು. ನಾನು ಕನ್ನಡಿ ನೋಡಲಿಲ್ಲ. ಗಂಟಂತೂ ಎಮ್ಮೆಗಳ ಹೊಟ್ಟೆ ಸೇರಿತ್ತು.