ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ

ಹೊಸದಾದ ಯಾವ ವಸ್ತುವನ್ನೂ ಮಹಾಬಲೇಶ್ವರ ಒಂದೇ ಸಲಕ್ಕೆ ನಂಬಿದವರಲ್ಲ. ಹೊಸ ಶೂ ತಂದರೆ ವುಡ್‌ಲ್ಯಾಂಡ್ಸ್ ಬಡಾವಣೆಯ ತಮ್ಮ ಪುಟ್ಟ ಫ್ಲಾಟಿನೊಳಗೇ ವಾರಗಟ್ಟಲೆ, ಒಮ್ಮೆ ಹಿಮ್ಮಡಿಯೂರಿ, ಒಮ್ಮೆ ತುದಿಗಾಲೂರಿ ನಡೆದು ಪಳಗಿಸುವರು. ಹೊಸ ಕುಕ್ಕರಿನಲ್ಲಿ ಮೂರು ದಿನ ಬರೀ ನೀರು ಕುದಿಸಿದ ಮೇಲೆಯೇ ಅಕ್ಕಿಗೆ ಅಪ್ಪಣೆ. ಹೆಂಡತಿ ಜಯಾಗೆ ಇದೆಲ್ಲ ಹೇಗೋ ಅಭ್ಯಾಸವಾಗಿತ್ತು. ಆಗದೆ ಉಳಿದದ್ದು ಊಟದ ಮೇಜಿನ ಮೇಲಿನ ರೋಲರ್ ಸ್ಟ್ಯಾಂಡ್.

ಗೇಣುದ್ದದ ಆ ಸ್ಟ್ಯಾಂಡಿನ ಪುಟ್ಟ ರೋಲರುಗಳ ಮೇಲೆ ಮಾಡೆಲ್ ರೈಲಿನ ಎಂಜಿನ್ ಕೂರಿಸಿ ಕರೆಂಟು ಕೊಟ್ಟರೆ ಚಕ್ರ ತಿರುಗುತ್ತದೆ, ಎಂಜಿನ್ ಇದ್ದಲ್ಲೇ ಇರುತ್ತದೆ. ಹೊಸ ಗೇರುಗಳು ಪಳಗಲು ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಿದರೆ ಸಾಕೆಂದು ಡಬ್ಬಿಯೊಳಗಿನ ಚೀಟಿಯೇ ಹೇಳುತ್ತಿತ್ತು. ಮಹಾಬಲೇಶ್ವರ ಆರು ವರ್ಷದಿಂದ ಓಡಿಸುತ್ತಿದ್ದರು. ಒನ್-ನಾರ್ತ್‌ನ ಆಫೀಸಿನಿಂದ ಬಂದವರೇ, ಕೊರಳಿನ ಪಾಸನ್ನೂ ತೆಗೆಯದೆ, ಎಂಜಿನ್ನಿಗೆ ಕಿವಿಯಾನಿಸಿ, “ಸ್ವಲ್ಪ ಟೈಟ್ ಇದೆ ಕಣೇ” ಅನ್ನುವರು. ಸಾರಿನ ಪಾತ್ರೆ ಇಡಲು ಜಾಗವಿಲ್ಲದೆ ನಿಂತ ಜಯಾಗೆ ಮೈಯೆಲ್ಲ ಉರಿಯುವುದು. ಒಂದೇ ಒಂದು ಸಲ ಅದು ಹಳಿಯ ಮೇಲೆ ಮುಂದಕ್ಕೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂಬುದು ಕೊನೆಗೆ ಆಕೆಯ ಹಟವೇ ಆಯಿತು.

೨೦೧೬ರಲ್ಲಿ ಕಮ್ಯೂನಿಟಿ ಕ್ಲಬ್ಬಿನಲ್ಲಿ ಮಾಡೆಲ್ ರೈಲುಗಳ ಪ್ರದರ್ಶನ ಬಂತು. ಗಂಡನನ್ನು ಕೇಳದೆಯೇ ಆಕೆ ಅವರ ಹೆಸರು ಕೊಟ್ಟು ಬಂದಳು.

“ಇನ್ನೂ ರೆಡಿ ಆಗಿಲ್ಲ ಕಣೇ. ಇನ್ನೊಂದರ್ಧ ಗಂಟೆ!”

“ಆರು ವರ್ಷ ಆಯ್ತು ರೀ, ಎದ್ದೇಳಿ!”

ಹೊರಡುವ ಮುಂಚೆ ಹಿಂದಕ್ಕೆ ಅರ್ಧ ಗಂಟೆ ಓಡಿಸಿಯೇ ಎದ್ದರು. ಅಲ್ಲಿನ, ಕರೆಂಟು ಕೊಡುವ ಕಂಟ್ರೋಲರ್ ಪೆಟ್ಟಿಗೆಯನ್ನೂ ನಂಬದೆ ಮನೆಯದನ್ನೇ ಒಯ್ದರು. ಅದರ ಸ್ವಿಚ್ಚು ಹಿಂದಕ್ಕೇ ಇತ್ತು. ಸಾಲುಮೇಜಿನ ಮೇಲಿನ ಹಳಿಗೆ ಕರೆಂಟು ಹರಿದದ್ದೇ ತಡ, ಎಂಜಿನ್ ಹಿಮ್ಮುಖವಾಗಿ ಹೊರಟು, ಹಳಿ ಮುಗಿದಲ್ಲಿ ಮೇಜಿನಾಚೆ ಹಾರಿತು. ಜಯಾ ದುಪಟ್ಟಾ ಚಾಚಿ ಹಿಡಿಯದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

“ಹೇಳ್ದೆನಲ್ಲ, ರೆಡಿ ಇಲ್ಲ ಅಂತ,” ಅಂದರು ಮಹಾಬಲೇಶ್ವರ.

ಜಯಾ ಎಂಜಿನ್ನನ್ನು ಹಳಿಗಿಟ್ಟು, ಹಿಂದೆ ಆರು ಬೋಗಿ ಸಿಕ್ಕಿಸಿ, ಸ್ವಿಚ್ಚನ್ನು ತಾನೇ ತಿರುಗಿಸಿದಳು. ಅದು ಹೋಯಿತು, ಮುಂದಕ್ಕೆ, ಮೇಜಿನ ಆ ತುದಿಯವರೆಗೂ. ಕಣ್ಣು ತುಂಬಿ ಬಂದದ್ದಕ್ಕೆ ಆಕೆಗೆ ತನ್ನ ಮೇಲೇ ಸಿಟ್ಟು ಬಂತು. ಪಕ್ಕದಲ್ಲಿ ಬಗ್ಗಿ ಕಿವಿಗೊಟ್ಟಿದ್ದ ಗಂಡ ಹೇಳಿದರು: “ಸ್ವಲ್ಪ ಟೈಟ್ ಇದೆ.”

ಇಂಥವರು ಕೆಟ್ಟವರಲ್ಲ, ಬಾಳೆಲ್ಲ ಹೊರಡುವ ಸಿದ್ಧತೆಯಲ್ಲೇ ಸುಖವಾಗಿರುವವರು. ಪಳಗಲು ಅರ್ಧ ಗಂಟೆಯೂ ಸಿಗದೆ, ಮದುವೆಯ ಮರುದಿನವೇ ಭಾರ ಎಳೆಯಲು ಹಳಿಗಿಳಿದವರು ಇವರ ಹೆಂಡತಿಯರು.